ಮಲೆನಾಡಿನಿಂದ ಹೊರದೇಶಕ್ಕೆ ಹೊರಟವರಿಗೆ: ಮೊಬೈಲ್ ಡೇಟಾ ಬಿಲ್ ವಿಷಯ

ಪ್ರತಿ ವರ್ಷ ಜುಲೈ, ಆಗಸ್ಟ್ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಓದಲು ಅಮೆರಿಕ, ಕೆನಡಾಕ್ಕೆ ಹೊರಡುತ್ತಾರೆ. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ ಅಪ್ಪ ಅಮ್ಮಂದಿರು ಮೊಮ್ಮಕ್ಕಳನ್ನು ನೋಡಲು ಬರುತ್ತಾರೆ. ಹೊರಡುವ ಮೊದಲು ನಮ್ಮಂಥವರಿಗೆ ಫೋನ್ ಮಾಡಿ ಚಳಿಗೆ ಏನು ತರಬೇಕು, ಅಪ್ಪೆಮಿಡಿ ತರಬಹುದಾ, ಕುಕ್ಕರ್ ಬೇಕಾ ಅಂತ ಎಲ್ಲ ಕೇಳುತ್ತಾರೆ. ಫೋನಿನ ಬಗ್ಗೆ ಮಾತ್ರ ಬಿಲ್ ಬಂದ ಮೇಲೆ ಕೇಳುತ್ತಾರೆ. ನಾನು ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಇಷ್ಟು ವರ್ಷದಲ್ಲಿ ಹೊಸಬರ ದುಡ್ಡು ಸುಮ್ನೆ ಕರಗುವುದನ್ನು ಜಾಸ್ತಿ ನೋಡಿದ್ದು ಇದೊಂದೇ ವಿಷಯದಲ್ಲಿ.

ನಮ್ಮೂರಿನ ಅಭ್ಯಾಸವೇ ಇದಕ್ಕೆ ಕಾರಣ. ಊರಲ್ಲಿ ಹೆಚ್ಚಿನವರದು ಪ್ರೀಪೇಯ್ಡ್ ಸಿಮ್. ದಿನಕ್ಕೆ ಒಂದೂವರೆ ಜಿಬಿಯೋ, ಎರಡು ಜಿಬಿಯೋ ಸಿಗುತ್ತದೆ. ಮುಗಿದರೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅಷ್ಟೇ. ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಹೊಸನಗರದ ಒಳಗಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಕ್ಕರೆ ಸಾಕು ಎಂದು ಡೇಟಾ ಹಗಲೂ ರಾತ್ರಿ ಆನ್ ಆಗಿಯೇ ಇರುತ್ತದೆ. ಹೊರದೇಶದಲ್ಲಿ ಪೋಸ್ಟ್‌ಪೇಯ್ಡ್ (ಬಳಸಿದ ಮೇಲೆ ಬಿಲ್ ಬರುವಂಥದ್ದು) ಆದರೆ, ಅಥವಾ ಊರಿನ ಸಿಮ್ ರೋಮಿಂಗ್‌ನಲ್ಲಿದ್ದರೆ, ಅಂದರೆ ಅಲ್ಲಿಯ ಕಂಪನಿಯ ನೆಟ್‌ವರ್ಕ್ ಹಿಡಿದಿದ್ದರೆ, ಹಾಗಿಲ್ಲ. ಮಿತಿ ದಾಟಿದ ಮೇಲೂ ಮೀಟರ್ ಓಡುತ್ತಲೇ ಇರಬಹುದು. ಗೊತ್ತಾಗುವುದು ತಿಂಗಳ ಕೊನೆಗೆ.

ಹೊಸನಗರ ಕಡೆಯ ನಮ್ಮ ಪರಿಚಯದ ಒಬ್ಬ ಹಿರಿಯ ಹೆಂಗಸು ಮಗಳ ಮನೆಗೆ ಬಂದಿದ್ದರು. ಬ್ಯಾಂಕಿನ ಓಟಿಪಿ ಬರಲಿ ಎಂದು ಹೊರಡುವ ಮೊದಲು ಊರಿನ ಪೋಸ್ಟ್‌ಪೇಯ್ಡ್ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡಿದ್ದರು. ಅದು ಸರಿ. ಆದರೆ ಫೋನಿನಲ್ಲಿ ಡೇಟಾ ರೋಮಿಂಗ್ ಕೂಡ ಆನ್ ಆಗಿತ್ತು. ದಾರಿಯಲ್ಲಿ ಬೇರೆ ವಿಮಾನಕ್ಕೆ ಕಾಯುತ್ತಾ ಕೂತಾಗ ಅವರು ಫೋನನ್ನು ಮುಟ್ಟಿಯೂ ಇರಲಿಲ್ಲ. ಅದೇ ಹೊತ್ತಿಗೆ ಊರಲ್ಲಿ ನೆಂಟರ ಮದುವೆ. ಧಾರೆಯಿಂದ ಊಟದ ಪಂಕ್ತಿವರೆಗೆ ಅಷ್ಟೂ ಫೋಟೋ, ವಿಡಿಯೋ ವಾಟ್ಸಾಪ್ ಗುಂಪಿಗೆ ಬಿದ್ದವು. ಜೇಬಿನೊಳಗೇ ಎಲ್ಲ ಡೌನ್‌ಲೋಡ್ ಆದವು. ರೋಮಿಂಗ್ ಪ್ಯಾಕ್ ಹಾಕಿಸಿರಲಿಲ್ಲ, ಹಾಗಾಗಿ ಪ್ರತಿ ಎಂಬಿಗೂ ದರ ಬಿತ್ತು. ಬಿಲ್ ನೋಡಿ ಅಮ್ಮ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಎಂದು ಮಗಳು ಹೇಳಿದಳು. ಎಚ್ಚರಿಕೆಯ ಮೆಸೇಜ್ ಒಂದೂ ಬಂದಿಲ್ಲ ಎಂದು ಕಂಪನಿಗೆ ಬರೆದು, ಮತ್ತೆ ಮತ್ತೆ ಕೇಳಿದ ಮೇಲೆ ಒಂದು ಪಾಲು ಕಡಿಮೆ ಮಾಡಿದರು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಊರಲ್ಲೇ. ಬೆಂಗಳೂರಿನಲ್ಲಿ ವಿಮಾನ ಹತ್ತುವಾಗಿನ ಗಡಿಬಿಡಿಯಲ್ಲಿ ಇದೆಲ್ಲ ಆಗುವುದಿಲ್ಲ. ಮನೆಯಲ್ಲಿ ಕೂತು ಊರಿನ ಸಿಮ್‌ನ ಸೆಟ್ಟಿಂಗ್‌ಗೆ ಹೋಗಿ ಡೇಟಾ ರೋಮಿಂಗ್ ಆಫ್ ಮಾಡಿ. ಓಟಿಪಿಗೆ ಡೇಟಾ ಬೇಕಿಲ್ಲ, ಅದು ಎಸ್‌ಎಂಎಸ್‌ನಲ್ಲಿ ಬರುತ್ತದೆ. ಒಳಬರುವ ಎಸ್‌ಎಂಎಸ್‌ಗೆ ರೋಮಿಂಗ್‌ನಲ್ಲೂ ಸಾಮಾನ್ಯವಾಗಿ ದುಡ್ಡಿಲ್ಲ. ಒಳಬರುವ ಕರೆಗೆ ಮಾತ್ರ ಇದೆ, ಎತ್ತಿದರೆ ಬಿತ್ತು. ಆಮೇಲೆ ವಾಟ್ಸಾಪ್‌ನ ಸ್ಟೋರೇಜ್ ಅಂಡ್ ಡೇಟಾ ತೆರೆದು, ರೋಮಿಂಗ್‌ನಲ್ಲಿದ್ದಾಗ ತಾನಾಗಿ ಡೌನ್‌ಲೋಡ್ ಆಗುವ ಪಟ್ಟಿಯಲ್ಲಿ ಫೋಟೋ, ಆಡಿಯೋ, ವಿಡಿಯೋ ಎಲ್ಲದರ ಟಿಕ್ ತೆಗೆಯಿರಿ. ಫೋಟೋ ಬ್ಯಾಕಪ್ ವೈ-ಫೈನಲ್ಲಿ ಮಾತ್ರ ಆಗುವಂತೆ ಇಡಿ. ಅಪ್ಪ ಅಮ್ಮನ ಫೋನಿನಲ್ಲಿ ಇದನ್ನು ನೀವೇ ಕೂತು ಮಾಡಿಕೊಡಿ. ಹೇಗೆ ಅಂತ ಹೇಳಿ ಬಿಟ್ಟರೆ ಆಗುವುದಿಲ್ಲ.

ಎರಡು ಸಿಮ್ ಇಟ್ಟುಕೊಳ್ಳುವವರು ಇನ್ನೊಂದು ಸ್ವಿಚ್ ನೋಡಬೇಕು. ಊರಿನ ಸಿಮ್ ಓಟಿಪಿಗೆ, ಅಲ್ಲಿಯ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್) ಡೇಟಾಗೆ ಎಂದು ಇಟ್ಟುಕೊಂಡಿರುತ್ತೀರಿ. ಐಫೋನಿನಲ್ಲಿ ಒಂದು ಸಿಮ್‌ನ ಸಿಗ್ನಲ್ ಕಡಿಮೆಯಾದರೆ ಡೇಟಾವನ್ನು ಇನ್ನೊಂದು ಸಿಮ್‌ಗೆ ತಾನೇ ಬದಲಿಸುವ ಸೌಲಭ್ಯ ಇದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೆ. ಅದನ್ನು ಆಫ್ ಮಾಡಿ. ವೈ-ಫೈ ಅಸಿಸ್ಟ್ ಕೂಡ ಇಂಥದ್ದೇ. ವೈ-ಫೈ ಮಂದವಾದರೆ ಐಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾ ಎಳೆಯುತ್ತದೆ. ನೀವು ಮನೆಯ ವೈ-ಫೈನಲ್ಲೇ ಇದ್ದೇನೆ ಅಂದುಕೊಂಡಿರುತ್ತೀರಿ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ಪ್ರೀಪೇಯ್ಡ್ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೊದಲೇ ದುಡ್ಡು ಕಟ್ಟಿರುವುದರಿಂದ ತಿಂಗಳ ಕೊನೆಗೆ ಆಘಾತ ಇಲ್ಲ, ಕ್ರೆಡಿಟ್ ಹಿಸ್ಟರಿಯನ್ನೂ (ಹಿಂದೆ ಸಾಲ, ಬಿಲ್ ಕಟ್ಟಿದ ದಾಖಲೆ) ಯಾರೂ ಕೇಳುವುದಿಲ್ಲ. ಫ್ರೀ ಫೋನ್ ಎಂದು ಅಂಗಡಿಯವರು ಕರೆದರೆ, ಎಷ್ಟು ತಿಂಗಳ ಕರಾರು, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಕೇಳಿ. ಅನ್‌ಲಿಮಿಟೆಡ್ ಎಂದು ಬರೆದಿದ್ದರೂ ಎಷ್ಟು ಜಿಬಿ ಆದಮೇಲೆ ಸ್ಪೀಡ್ ಇಳಿಸುತ್ತಾರೆ ಅಂತ ಕೇಳಿ. ಅನ್‌ಲಿಮಿಟೆಡ್ ಪ್ಲಾನ್ ಮಾರಿ ಆಮೇಲೆ ವೇಗ ಕತ್ತರಿಸಿದ ಪ್ರಕರಣದಲ್ಲಿ ಎಟಿ ಅಂಡ್ ಟಿ ಕಂಪನಿ 2019ರಲ್ಲಿ 6 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನ್‌ಗೂ ಬೆಲೆ, ಶುಲ್ಕ, ಡೇಟಾ ಮಿತಿ ಬರೆದ ಒಂದು ಲೇಬಲ್ ತೋರಿಸಬೇಕು ಎಂಬ ನಿಯಮ ಬಂತು. ಅದನ್ನು ಓದದೆ ಸಹಿ ಹಾಕಬೇಡಿ.

ಜೋಗ ನೋಡಿ ಬೆಳೆದವರು ನಯಾಗರಕ್ಕೆ ಹೋಗದೆ ಬಿಡುತ್ತಾರಾ? ಅಲ್ಲಿ ಒಂದು ಎಚ್ಚರಿಕೆ. ನದಿಯ ಆಚೆ ದಡ ಕೆನಡಾ. ನೀವು ಅಮೆರಿಕದ ದಡದಲ್ಲೇ ನಿಂತಿದ್ದರೂ ಫೋನ್ ಆಚೆಯ ಟವರ್ ಹಿಡಿಯಬಹುದು. ನಿಮ್ಮ ಪ್ಲಾನ್‌ನಲ್ಲಿ ಕೆನಡಾ ಸೇರಿಲ್ಲದಿದ್ದರೆ ಅದು ಅಂತರರಾಷ್ಟ್ರೀಯ ರೋಮಿಂಗ್. ಅಲ್ಲಿಗೆ ಹೋಗುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿಕೊಳ್ಳಿ. ರಜೆಗೆ ಊರಿಗೆ ಬರುವಾಗಲೂ ಇದೇ ಮಾತು. ಅಮೆರಿಕದ ಹಲವು ಪ್ಲಾನ್‌ಗಳಲ್ಲಿ ದಿನದ ಪಾಸ್, ಅಂದರೆ ಒಂದು ದಿನದ ರೋಮಿಂಗ್‌ಗೆ ಇಂತಿಷ್ಟು ಎಂಬ ಶುಲ್ಕ, ತಾನಾಗಿ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಇಳಿದು ಡೇಟಾದಲ್ಲಿ ಒಂದು ವಾಟ್ಸಾಪ್ ಮೆಸೇಜ್ ನೋಡಿದರೂ ಇಡೀ ದಿನದ ದುಡ್ಡು.

ಈಗ ಬಿಲ್ ವಿಷಯ. ಮಂಡಿಗೆ ಅಡಿಕೆ ಹಾಕಿದಾಗ ನಮ್ಮ ಹಿರಿಯರು ಚೀಟಿಯಲ್ಲಿ ತೂಕ, ದರ, ಹಮಾಲಿ, ಕಮಿಷನ್ ಎಲ್ಲ ಸಾಲು ಸಾಲಾಗಿ ನೋಡಿಯೇ ದುಡ್ಡು ಎಣಿಸಿಕೊಳ್ಳುತ್ತಾರೆ. ಫೋನ್ ಬಿಲ್ ಕೂಡ ಹಾಗೇ ನೋಡಬೇಕು. ಆಟೋಪೇ (ಖಾತೆಯಿಂದ ಬಿಲ್ ತಾನಾಗಿ ಕಟ್ಟಿಹೋಗುವ ವ್ಯವಸ್ಥೆ) ಹಾಕಿಬಿಟ್ಟರೆ ಯಾರೂ ಬಿಲ್ ತೆರೆಯುವುದಿಲ್ಲ, ಚಿಕ್ಕ ಮೊತ್ತಗಳು ನುಸುಳುವುದು ಅಲ್ಲೇ. ಎರಡು ಡಾಲರ್‌ಗೆ ಯಾರು ಜಗಳ ಮಾಡುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದ ಮೊಬೈಲ್ ಕಂಪನಿ ವೆರೈಝನ್‌ನ ಪ್ರಕರಣ ನೋಡಿ. ಡೇಟಾ ಪ್ಲಾನ್ ಇಲ್ಲದ ಗ್ರಾಹಕರಿಗೆ ಎಂಬಿಗೆ 1.99 ಡಾಲರ್‌ನಂತೆ ದರ ಇತ್ತು. ಫೋನಿನ ಬಟನ್ ಅಕಸ್ಮಾತ್ ಒತ್ತಿ ಇಂಟರ್‌ನೆಟ್ ತೆರೆದುಕೊಂಡರೂ ಬಿಲ್‌ಗೆ ಬೀಳುತ್ತಿತ್ತು. ಅಮೆರಿಕದ ದೂರಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ತನಿಖೆ ಮಾಡಿತು. 2010ರ ಅಕ್ಟೋಬರ್‌ನಲ್ಲಿ ಕಂಪನಿ ಸುಮಾರು 1.5 ಕೋಟಿ ಗ್ರಾಹಕರಿಗೆ ಕನಿಷ್ಠ 5.28 ಕೋಟಿ ಡಾಲರ್ ವಾಪಸ್ ಕೊಡಲು, ಸರ್ಕಾರಕ್ಕೆ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಒಬ್ಬೊಬ್ಬರ ಬಿಲ್‌ನಲ್ಲಿ ಅದು ಚಿಲ್ಲರೆ ದುಡ್ಡು. ಕೆಲವರು ಸುಮ್ಮನಿರದೆ ದೂರು ಕೊಟ್ಟಿದ್ದಕ್ಕೆ ಹೊರಗೆ ಬಂತು.

ನಮ್ಮವರಿಗೆ ದೂರು ಕೊಡಲು ಒಂಥರಾ ಸಂಕೋಚ. ವೀಸಾಕ್ಕೆ ತೊಂದರೆ ಆಗುತ್ತದೇನೋ ಅಂತ ಹೆದರುತ್ತಾರೆ. ಫೋನ್ ಬಿಲ್ ಪ್ರಶ್ನಿಸುವುದಕ್ಕೂ ವೀಸಾಕ್ಕೂ ಸಂಬಂಧವೇ ಇಲ್ಲ. ಮೊದಲು ಕಂಪನಿಯ ಜೊತೆ ಚಾಟ್‌ನಲ್ಲಿ ಮಾತಾಡಿ, ಬರಹದಲ್ಲಿ ದಾಖಲೆ ಉಳಿಯುತ್ತದೆ. ಯಾವ ದಿನ, ಎಷ್ಟು ಎಂಬಿ, ಯಾವ ದರ ಅಂತ ವಿವರ ಕೇಳಿ. ಫೋನಿನ ಸೆಟ್ಟಿಂಗ್‌ನಲ್ಲೇ ಯಾವ ಆ್ಯಪ್ ಎಷ್ಟು ಡೇಟಾ ತಿಂದಿದೆ ಎಂಬ ಲೆಕ್ಕ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಅವರು ಒಪ್ಪದಿದ್ದರೆ ಎಫ್‌ಸಿಸಿಗೆ ಅನೌಪಚಾರಿಕ ದೂರು ಕೊಡಿ. ಅದಕ್ಕೆ ಶುಲ್ಕ ಇಲ್ಲ. ದೂರು ಕೈಗೆ ಬಂದ ಮೇಲೆ ಕಂಪನಿ 30 ದಿನದೊಳಗೆ ಉತ್ತರ ಕೊಡಬೇಕು. ಫೋನಿನಲ್ಲಿ ಆಗುವುದೇ ಇಲ್ಲ ಎಂದವರು ಇದಾದ ಮೇಲೆ ತಾವೇ ಕರೆ ಮಾಡಿದ್ದನ್ನು ನಾನು ನೋಡಿದ್ದೇನೆ.

ಬೇರೆ ದೇಶಕ್ಕೆ ಹೋಗುವವರಿಗೂ ರಕ್ಷಣೆ ಇದೆ. ಕೆನಡಾದಲ್ಲಿ 2013ರ ಡಿಸೆಂಬರ್‌ನಿಂದ ನೀವು ಒಪ್ಪಿಗೆ ಕೊಡದ ಹೊರತು ತಿಂಗಳಿಗೆ ಹೆಚ್ಚುವರಿ ಡೇಟಾಗೆ 50 ಡಾಲರ್, ಡೇಟಾ ರೋಮಿಂಗ್‌ಗೆ 100 ಡಾಲರ್ ಮೀರಿ ಹಾಕುವಂತಿಲ್ಲ. ಮುಂದುವರಿಸಲು ಒಪ್ಪುತ್ತೀರಾ ಅಂತ ಮೆಸೇಜ್ ಬಂದರೆ ಕಣ್ಣುಮುಚ್ಚಿ ಯೆಸ್ ಒತ್ತಬೇಡಿ. ಬ್ರಿಟನ್‌ನಲ್ಲಿ 2018ರ ಅಕ್ಟೋಬರ್‌ನಿಂದ ಬಿಲ್‌ಗೆ ನೀವೇ ಮಿತಿ ಹಾಕಿಸಿಕೊಳ್ಳಬಹುದು, ಕರಾರು ಮಾಡುವ ದಿನವೇ ಕೇಳಿ. ಆಸ್ಟ್ರೇಲಿಯಾದಲ್ಲಿ ದೂರಸಂಪರ್ಕಕ್ಕೆಂದೇ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವವರು) ಇದ್ದಾರೆ, ಗ್ರಾಹಕರಿಗೆ ಉಚಿತ.

ಒಂದು ವಿಷಯದಲ್ಲಿ ಮಾತ್ರ ಕೋಪಕ್ಕೆ ಬುದ್ಧಿ ಕೊಡಬೇಡಿ. ತಪ್ಪು ಬಿಲ್ ಬಂತೆಂದು ಪೂರ್ತಿ ಕಟ್ಟುವುದನ್ನೇ ನಿಲ್ಲಿಸಿದರೆ ಅಮೆರಿಕದಲ್ಲಿ ಅದು ವಸೂಲಿ ಏಜೆನ್ಸಿಗೆ ಹೋಗಬಹುದು, ಕ್ರೆಡಿಟ್ ಸ್ಕೋರ್ ಕುಸಿಯಬಹುದು. ಆಮೇಲೆ ಬಾಡಿಗೆ ಮನೆ ಹುಡುಕುವಾಗ ಅದೇ ಅಡ್ಡ ಬರುತ್ತದೆ. ತಕರಾರು ಇರುವ ಮೊತ್ತ ಯಾವುದು ಎಂದು ಬರೆದು ತಿಳಿಸಿ, ಉಳಿದದ್ದನ್ನು ಹೊತ್ತಿಗೆ ಸರಿಯಾಗಿ ಕಟ್ಟಿ. ಓದು ಮುಗಿಸಿ ಊರಿಗೆ ವಾಪಸ್ ಹೊರಡುವವರು ಲೈನ್ ಮುಚ್ಚಿಸಿ, ಕೊನೆಯ ಬಿಲ್ ಸೊನ್ನೆ ಆಗಿದೆ ಎಂದು ಬರಹದಲ್ಲಿ ತೆಗೆದುಕೊಂಡ ಮೇಲೆಯೇ ಅಲ್ಲಿಯ ಬ್ಯಾಂಕ್ ಖಾತೆ ಮುಚ್ಚಿ.