ಚಿತ್ರದುರ್ಗದಲ್ಲಿ ಕೂತು ಅವ್ವನ ಮನೆ ಬಾಗಿಲು ನೋಡಲು

ನಮ್ಮ ಮನೆ ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ನನ್ನ ಕೆಲಸ ಚಿತ್ರದುರ್ಗದಲ್ಲಿ. ನಡುವೆ ಸುಮಾರು 60 ಕಿಲೋಮೀಟರ್. ಹತ್ತಿರವೇ, ಆದರೆ ದಿನಾ ಹೋಗಿ ಬರುವಷ್ಟು ಹತ್ತಿರವಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದೆ. ಗೇಟಿಗೆ ಒಂದು, ಮುಂಬಾಗಿಲಿಗೆ ಒಂದು, ಹಿತ್ತಲಿಗೆ ಒಂದು, ಮಹಡಿ ಮೆಟ್ಟಿಲಿಗೆ ಒಂದು. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಅವ್ವ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಕಾಣಬೇಕು. ಅದು ಕಂಡ ಮೇಲೇ ನನಗೆ ಕಾಫಿ ಇಳಿಯುವುದು.

ಕಳೆದ ಮಳೆಗಾಲದಲ್ಲಿ ಹಳೆಯ ಇಂಟರ್ನೆಟ್ ಲೈನ್ ತೆಗೆಸಿ ಫೈಬರ್ ಹಾಕಿಸಿದೆವು. ಹೊಸ ರೂಟರ್ ಬಂತು. ಅವತ್ತು ಸಂಜೆಯಿಂದಲೇ ನನ್ನ ಫೋನಿನಲ್ಲಿ ನಾಲ್ಕೂ ಚೌಕ ಕಪ್ಪು. ‘ಡಿವೈಸ್ ಆಫ್‌ಲೈನ್’ ಅಂತ ಒಂದೇ ಸಾಲು.

ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಆ್ಯಪ್‌ನಲ್ಲಿದ್ದ ಡಿವಿಆರ್ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಹೆಸರನ್ನೇ ಅಳಿಸಿಬಿಟ್ಟೆ, ಮತ್ತೆ ಸೇರಿಸಿದರೆ ಸರಿಹೋದೀತು ಅಂತ. ಸರಿಹೋಗಲಿಲ್ಲ. ಸೀರಿಯಲ್ ನಂಬರ್ ಹಾಕಿದರೆ ‘ಈ ಡಿವೈಸ್ ಬೇರೆ ಖಾತೆಗೆ ಸೇರಿದೆ’ ಅಂತ ಬಂತು. ಆ ಮಾತು ಓದಿ ಎದೆ ಧಸಕ್ಕೆಂದಿತು. ಅದರ ಕಥೆ ಮುಂದೆ ಹೇಳುತ್ತೇನೆ.

ಕ್ಯಾಮೆರಾ ಹಾಕಿದ್ದ ಹುಡುಗನಿಗೆ ಫೋನ್ ಮಾಡಿದೆ. ‘ಬೋರ್ಡ್ ಹೋಗಿರ್ಬೇಕು ಸರ್, ಹೊಸಾದು ಹಾಕಿಬಿಡೋಣ’ ಅಂದ. ನೋಡದೆಯೇ ಹಾಗೆ ಹೇಳಿದ್ದು ನನಗೆ ಹಿಡಿಸಲಿಲ್ಲ. ಅವ್ವನಿಗೆ ಫೋನ್ ಮಾಡಿ, ಟಿವಿಯಲ್ಲಿ ಕ್ಯಾಮೆರಾ ಹಾಕು, ಏನು ಕಾಣುತ್ತೆ ಹೇಳು ಅಂದೆ.

‘ಎಲ್ಲಾ ಚೆನ್ನಾಗೇ ಕಾಣ್ತೈತಲ್ಲಪ್ಪಾ. ಗೇಟಿನ ಮುಂದೆ ನಾಯಿ ಮಲಗೈತಿ.’

ಆ ನಾಯಿಯಿಂದ ನನಗೆ ಅರ್ಧ ಉತ್ತರ ಸಿಕ್ಕಿತು. ಟಿವಿಯಲ್ಲಿ ಚಿತ್ರ ಬರುತ್ತಿದೆ ಅಂದರೆ ಕ್ಯಾಮೆರಾ ಸರಿ ಇದೆ, ಕೇಬಲ್ ಸರಿ ಇದೆ, ಡಿವಿಆರ್ ಬೋರ್ಡ್ ಕೂಡ ಕೆಲಸ ಮಾಡುತ್ತಿದೆ. ಚಿತ್ರ ಮನೆಯೊಳಗೆ ಇದೆ, ಮನೆಯಿಂದ ಹೊರಗೆ ಬರುತ್ತಿಲ್ಲ ಅಷ್ಟೇ. ಕ್ಯಾಮೆರಾದಿಂದ ಡಿವಿಆರ್, ಡಿವಿಆರ್‌ನಿಂದ ರೂಟರ್, ರೂಟರ್‌ನಿಂದ ಹೊರಗಿನ ಇಂಟರ್ನೆಟ್, ಅಲ್ಲಿಂದ ನನ್ನ ಫೋನ್. ಈ ದಾರಿಯಲ್ಲಿ ಎಲ್ಲಿ ಕಡಿದಿದೆ ಅನ್ನೋದನ್ನು ಮನೆ ಕಡೆಯಿಂದ ಒಂದೊಂದೇ ಹೆಜ್ಜೆ ನೋಡುತ್ತಾ ಬರಬೇಕು. ನಾನು ಫೋನಿನ ಕಡೆಯಿಂದ ಶುರು ಮಾಡಿ ಎರಡು ದಿನ ಕಳೆದಿದ್ದೆ.

ಶನಿವಾರ ಬಸ್ಸು ಹತ್ತಿದೆ. ಟಿವಿ ಸ್ಟ್ಯಾಂಡ್ ಸರಿಸಿ ಡಿವಿಆರ್ ಹಿಂಭಾಗ ನೋಡಿದರೆ ನೆಟ್‌ವರ್ಕ್ ವೈರು ಸಿಕ್ಕಿಸಿರುವ ಜಾಗದಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಅಂದರೆ ವೈರಿನಲ್ಲಿ ತೊಂದರೆ ಇಲ್ಲ. ಡಿವಿಆರ್‌ಗೆ ಮೌಸ್ ಸಿಕ್ಕಿಸಿ ಮೆನುವಿನಲ್ಲಿ ನೆಟ್‌ವರ್ಕ್ ಪುಟ ತೆಗೆದೆ. ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರು, 192.168.1.108. ಗೇಟ್‌ವೇ 192.168.1.1. ಆಮೇಲೆ ನನ್ನ ಫೋನನ್ನು ಮನೆಯ ವೈಫೈಗೆ ಸೇರಿಸಿ, ವೈಫೈ ಹೆಸರಿನ ಮೇಲೆ ಒತ್ತಿ ವಿವರ ನೋಡಿದೆ. ಅಲ್ಲಿ ಗೇಟ್‌ವೇ 192.168.100.1 ಅಂತಿತ್ತು.

ಇಷ್ಟೇ ವಿಷಯ. ಗೇಟ್‌ವೇ ಅಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು, ಅಂದರೆ ರೂಟರಿನ ವಿಳಾಸ. ಹಳೆಯ ರೂಟರ್ ಇದ್ದಾಗ ಬಾಗಿಲು 1.1ರಲ್ಲಿತ್ತು. ಹೊಸ ರೂಟರ್ ಬಂದ ಮೇಲೆ ಬಾಗಿಲು 100.1ಕ್ಕೆ ಹೋಯಿತು. ಡಿವಿಆರ್‌ಗೆ ಯಾರೂ ಹೇಳಲಿಲ್ಲ. ಪಾಪ, ಅದು ಹಳೆಯ ಬಾಗಿಲು ಇದ್ದ ಗೋಡೆಯನ್ನೇ ತಟ್ಟುತ್ತಾ ಕೂತಿತ್ತು. ಹಾಕುವಾಗ ಐಪಿಯನ್ನು ಕೈಯಿಂದ ಬರೆದು ಗಟ್ಟಿ ಮಾಡಿಟ್ಟಿದ್ದರಿಂದ ಹೀಗಾಯಿತು. ನಾನು ಅದೇ ಪುಟದಲ್ಲಿ ಡಿಎಚ್‌ಸಿಪಿ ಅನ್ನೋದನ್ನು ಆನ್ ಮಾಡಿದೆ. ಆಗ ರೂಟರೇ ಡಿವಿಆರ್‌ಗೆ ಸರಿಯಾದ ವಿಳಾಸ, ಗೇಟ್‌ವೇ, ಡಿಎನ್ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವುದು) ಎಲ್ಲಾ ಕೊಡುತ್ತದೆ. ಸೇವ್ ಮಾಡಿ ಎರಡು ನಿಮಿಷ ಕಾದೆ. ಹೊರಗಿನ ಸರ್ವರ್ ಮೂಲಕ ಡಿವಿಆರನ್ನು ಫೋನಿನ ಆ್ಯಪ್‌ಗೆ ಜೋಡಿಸುವ ಪಿ ಟು ಪಿ ಅನ್ನುವ ಪುಟದಲ್ಲಿ ‘ಆಫ್‌ಲೈನ್’ ಇದ್ದದ್ದು ‘ಆನ್‌ಲೈನ್’ ಆಯಿತು. ಅವ್ವ ಅಡುಗೆಮನೆಯಿಂದ ಬಂದು, ‘ಆತೇನಪ್ಪಾ?’ ಅಂದಳು. ‘ಆತವ್ವಾ’ ಅಂದೆ.

ಇನ್ನೂ ಪೂರ್ತಿ ಆಗಿರಲಿಲ್ಲ. ಖಾತೆಯ ಗಂಟು ಹಾಗೇ ಇತ್ತು. ಹಾಕುವಾಗ ಆ ಹುಡುಗ ಡಿವಿಆರನ್ನು ತನ್ನ ಸ್ವಂತ ಖಾತೆಗೆ ಸೇರಿಸಿಕೊಂಡು, ಅಲ್ಲಿಂದ ನನಗೆ ಹಂಚಿದ್ದ. ಎರಡು ವರ್ಷ ನಮ್ಮ ಮನೆಯ ಹಿತ್ತಲು, ಮುಂಬಾಗಿಲು ಅವನ ಫೋನಿನಲ್ಲೂ ಕಾಣುವ ಹಾಗಿತ್ತು. ಅವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ರಿಪೇರಿಗೆ ಸುಲಭ ಅಂತ ಹಾಗೆ ಮಾಡಿಕೊಂಡಿರಬಹುದು. ಆದರೆ ಒಬ್ಬಳೇ ಇರುವ ಹೆಂಗಸಿನ ಮನೆ ಅದು. ಯಾವಾಗ ಬಾಗಿಲು ಹಾಕುತ್ತಾಳೆ, ಯಾವಾಗ ದೇವಸ್ಥಾನಕ್ಕೆ ಹೋಗುತ್ತಾಳೆ ಅನ್ನೋದು ಮನೆಯವರಿಗಲ್ಲದೆ ಬೇರೆ ಯಾರಿಗೂ ಗೊತ್ತಾಗಬಾರದು. ಅವನಿಗೆ ಫೋನ್ ಮಾಡಿ, ನಿನ್ನ ಖಾತೆಯಿಂದ ಈಗಲೇ ತೆಗೆಯಪ್ಪಾ, ನಾನು ಲೈನಿನಲ್ಲೇ ಇರ್ತೀನಿ ಅಂದೆ. ತೆಗೆದ. ತಕ್ಷಣ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ. ಟಿವಿ ಪರದೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನನ್ನ ಖಾತೆಗೆ ಸೇರಿಸಿ, ಅಲ್ಲಿಂದ ತಂಗಿಗೆ ಹಂಚಿದೆ. ನಿಮ್ಮ ಮನೆಯ ಕ್ಯಾಮೆರಾ ಯಾರ ಖಾತೆಯಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿ. ಆ್ಯಪ್‌ನಲ್ಲಿ ಡಿವೈಸ್ ಹೆಸರಿನ ಪಕ್ಕ ‘ಶೇರ್ ಮಾಡಿದ್ದು’ ಅಂತ ಇದ್ದರೆ ಒಡೆಯರು ನೀವಲ್ಲ.

ಕೊನೆಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆಗೆದು ನೋಡಿದೆ. ಇದು ಮುಖ್ಯ. ಮನೆಯ ವೈಫೈಯಲ್ಲೇ ಇದ್ದುಕೊಂಡು ‘ಬರ್ತಾ ಇದೆ’ ಅಂದುಕೊಂಡರೆ ಅದು ಪರೀಕ್ಷೆ ಅಲ್ಲ. ಫೋನ್ ಮತ್ತು ಡಿವಿಆರ್ ಒಂದೇ ರೂಟರ್ ಕೆಳಗೆ ಇದ್ದರೆ ಚಿತ್ರ ಹೊರಗಿನ ಇಂಟರ್ನೆಟ್ ಮುಟ್ಟದೆಯೂ ಬರಬಹುದು. ಊರು ಬಿಡುವ ಮುಂಚೆ ಗೇಟಿನ ಹೊರಗೆ ನಿಂತು ಮತ್ತೊಮ್ಮೆ ನೋಡಿಯೇ ಬಸ್ ಸ್ಟ್ಯಾಂಡಿಗೆ ಹೋದೆ.

ನಾಲ್ಕು ದಿನ ಚೆನ್ನಾಗಿತ್ತು. ಬುಧವಾರ ರಾತ್ರಿ ದಾವಣಗೆರೆಯಲ್ಲಿ ಗುಡುಗು ಮಳೆ, ಕರೆಂಟ್ ಹೋಗಿ ಬಂತು. ಮತ್ತೆ ಆಫ್‌ಲೈನ್. ಈ ಸಲ ಸೆಟ್ಟಿಂಗ್ ಮುಟ್ಟಲು ಹೋಗಲಿಲ್ಲ. ಅವ್ವನಿಗೇ ಫೋನ್ ಮಾಡಿದೆ. ಚಿತ್ರ ಬರುತ್ತಿದೆ ಅಂದಳು. ಮನೆ ವೈಫೈಯಲ್ಲಿ ಅವಳ ವಾಟ್ಸಾಪ್ ಕಾಲ್ ಸರಾಗವಾಗಿ ಬರುತ್ತಿತ್ತು, ಅಂದರೆ ಇಂಟರ್ನೆಟ್ಟೂ ಇದೆ. ಏನೂ ತೋಚದೆ, ‘ಅವ್ವಾ, ಟಿವಿ ಮೇಲ್ಗಡೆ ಮೂಲೆಯಲ್ಲಿ ಏನು ಬರೆದೈತಿ, ಹಂಗೇ ಓದು’ ಅಂದೆ. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದಳು.

‘ಎರಡು ಸೊನ್ನೆ ಸೊನ್ನೆ ಸೊನ್ನೆ. ಆಮೇಲೆ ಸೊನ್ನೆ ಒಂದು. ಆಮೇಲೆ ಸೊನ್ನೆ ಒಂದು.’

2000ನೇ ಇಸವಿ ಜನವರಿ 1! ಕರೆಂಟ್ ಹೋದಾಗ ಡಿವಿಆರ್ ತಾರೀಖು ಮರೆತುಬಿಟ್ಟಿತ್ತು. ಡಿವಿಆರ್ ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ನಮ್ಮದರಲ್ಲಿ ಅದು ಸತ್ತಿತ್ತು. ತಾರೀಖು ತಪ್ಪಿದರೆ ಇಂಟರ್ನೆಟ್ಟಿಗೆ ಏನು ಸಂಬಂಧ ಅಂತ ನನಗೂ ಅನಿಸಿತು. ಸಂಬಂಧ ಇದೆ. ಸುರಕ್ಷಿತ ಸಂಪರ್ಕ ಆಗುವಾಗ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಚಾಲ್ತಿ. ಪೆಟ್ಟಿಗೆಯ ಗಡಿಯಾರ 2000ದಲ್ಲಿ ನಿಂತಿದ್ದರೆ ಆ ಸರ್ಟಿಫಿಕೇಟ್ ಅದರ ಲೆಕ್ಕಕ್ಕೆ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ರೆಕಾರ್ಡಿಂಗ್ ಕೂಡ ತಪ್ಪು ತಾರೀಖಿನಲ್ಲೇ ಕೂರುತ್ತದೆ. ನಾಳೆ ಏನಾದರೂ ಆಗಿ, ನಿನ್ನೆ ರಾತ್ರಿಯದು ತೋರಿಸಿ ಅಂದರೆ ಹುಡುಕುವುದು ಎಲ್ಲಿ?

ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿಯನ್ನು ಅವ್ವ ಕರೆದಳು. ವಿಡಿಯೋ ಕಾಲ್‌ನಲ್ಲಿ ನಾನು ಹೇಳುತ್ತಾ ಹೋದೆ, ಅವಳು ಮೌಸ್ ಹಿಡಿದು ಮಾಡುತ್ತಾ ಹೋದಳು. ತಾರೀಖು ಸರಿ ಮಾಡಿದಳು. ಟೈಮ್ ಝೋನ್ 5:30ಕ್ಕೆ ಇಟ್ಟಳು. ಎನ್‌ಟಿಪಿ ಅನ್ನೋದು ಆಫ್ ಇತ್ತು, ಅದನ್ನು ಆನ್ ಮಾಡಿದಳು. ಅದು ಆನ್ ಇದ್ದರೆ ಡಿವಿಆರ್ ತಾನೇ ಇಂಟರ್ನೆಟ್ಟಿನಿಂದ ಸಮಯ ಕೇಳಿ ಸರಿ ಮಾಡಿಕೊಳ್ಳುತ್ತದೆ. ಐದು ನಿಮಿಷದಲ್ಲಿ ನನ್ನ ಫೋನಿನಲ್ಲಿ ಗೇಟು ಕಂಡಿತು. ಮುಂದಿನ ವಾರ ಹೋದಾಗ ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ ಸೆಲ್ ಬದಲಿಸಿದೆ. ಸಿಆರ್ 2032, 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೇ ಸಿಕ್ಕಿತು. ಹೊಸ ಡಿವಿಆರ್‌ಗೆ ಸಾವಿರಾರು ರೂಪಾಯಿ ಹಾಕುವವನಿದ್ದೆ, ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ವಾರಂಟಿ ಇನ್ನೂ ಇದ್ದರೆ ಮುಚ್ಚಳ ನೀವೇ ಬಿಚ್ಚಬೇಡಿ.

ಈ ನಡುವೆ ಆಫೀಸಿನ ಗೆಳೆಯರೊಬ್ಬರು, ಆ ಆ್ಯಪ್ ನಂಬಬೇಡ, ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡು, ನೇರವಾಗಿ ಬರುತ್ತೆ ಅಂದರು. ಹೊರಗಿನಿಂದ ಈ ನಂಬರಿಗೆ ಬಂದವರನ್ನು ಡಿವಿಆರ್ ಹತ್ತಿರ ಕಳಿಸು ಅಂತ ರೂಟರಿಗೆ ಹೇಳಿಕೊಡುವುದು ಅದು. ಅದನ್ನೂ ಮಾಡಿ ನೋಡಿದೆ. ಬರಲಿಲ್ಲ. ಯಾಕೆ ಅಂತ ರೂಟರಿನ ಪುಟದಲ್ಲೇ ಗೊತ್ತಾಯಿತು. ಅಲ್ಲಿ ಹೊರಗಿನ ಕಡೆಯ ಐಪಿ 100.72ರಿಂದ ಶುರುವಾಗುತ್ತಿತ್ತು. ಅದೇ ವೈಫೈಯಲ್ಲಿ ಫೋನಿನಿಂದ ‘ನನ್ನ ಐಪಿ ಏನು’ ಅಂತ ಹುಡುಕಿದರೆ ಬೇರೆಯೇ ನಂಬರ್ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲಾ ಸೇರಿ ಇರುವುದೇ ಸುಮಾರು 430 ಕೋಟಿ. ನಮ್ಮ ಏಷ್ಯಾ ಭಾಗದ ದಾಸ್ತಾನು 2011ರಲ್ಲೇ ತಳ ಕಂಡಿತು. ಅದಕ್ಕೇ ಇಂಟರ್ನೆಟ್ ಕೊಡುವವರು ಒಂದು ಹೊರ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ಆ ಮನೆಗಳ ರೂಟರಿಗೆ ಒಳವಿಳಾಸ ಕೊಡಲಿಕ್ಕೆ ಅಂತಲೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ನಂಬರುಗಳನ್ನು ಬೇರೆ ಇಟ್ಟರು. ನಮ್ಮ 100.72 ಅದರೊಳಗೇ ಬರುತ್ತದೆ. ನಮ್ಮ ದಾವಣಗೆರೆಯ ಹಾಸ್ಟೆಲ್‌ಗಳನ್ನೇ ನೆನೆಸಿಕೊಳ್ಳಿ. ಇನ್ನೂರು ಹುಡುಗರಿಗೆ ಒಂದೇ ವಿಳಾಸ. ಒಳಗಿನಿಂದ ಹುಡುಗ ಪತ್ರ ಹಾಕಿದರೆ ಹೋಗುತ್ತದೆ. ಹೊರಗಿನವರು ಬರೀ ಹಾಸ್ಟೆಲ್ ಹೆಸರು ಬರೆದು ಪತ್ರ ಹಾಕಿದರೆ ಯಾವ ಹುಡುಗನಿಗೆ ಕೊಡುವುದು? ನಾನು ನನ್ನ ರೂಮಿನ ಬಾಗಿಲು ತೆರೆದಿಟ್ಟು ಏನು ಉಪಯೋಗ, ಹೊರಗೇಟು ಬೇರೆಯವರ ಕೈಯಲ್ಲಿದೆ. ಪಿ ಟು ಪಿ ಇಲ್ಲಿ ಕೆಲಸಕ್ಕೆ ಬರುವುದು ಇದಕ್ಕೇ. ಅಲ್ಲಿ ಡಿವಿಆರೇ ಒಳಗಿನಿಂದ ಹೊರಗಿನ ಸರ್ವರಿಗೆ ಮಾತು ಶುರು ಮಾಡಿ ಆ ಎಳೆ ಬಿಡದೆ ಹಿಡಿದಿರುತ್ತದೆ.

ಪೋರ್ಟ್ ಫಾರ್ವರ್ಡ್ ಆಗದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ನನ್ನ ಗಟ್ಟಿ ಅಭಿಪ್ರಾಯ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳೊಳಗೆ ಹೊಕ್ಕಿತು. ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದೆ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಪೆಟ್ಟಿಗೆಗಳು ಅವು. ನಾನು ರೂಟರಿನಲ್ಲಿ ಹಾಕಿದ್ದ ಫಾರ್ವರ್ಡ್ ನಿಯಮಗಳನ್ನೆಲ್ಲಾ ಅಳಿಸಿದೆ. ಯುಪಿಎನ್‌ಪಿ ಕೂಡ ಆಫ್ ಮಾಡಿದೆ, ಅದು ಇದ್ದರೆ ಪೆಟ್ಟಿಗೆಗಳು ನಮ್ಮನ್ನು ಕೇಳದೆಯೇ ಬಾಗಿಲು ತೆರೆಸಿಕೊಳ್ಳುತ್ತವೆ.

ಉಳಿದದ್ದು ಸಣ್ಣಪುಟ್ಟದ್ದು. ಸಿಗ್ನಲ್ ಕಡಿಮೆ ಇರುವ ಕಡೆ ನಾಲ್ಕೂ ಚಿತ್ರ ತಿರುಗುತ್ತಾ ನಿಲ್ಲುತ್ತಿದ್ದವು. ಆ್ಯಪ್‌ನಲ್ಲಿ ಮೇನ್ ಸ್ಟ್ರೀಮ್ (ಪೂರ್ತಿ ಸ್ಪಷ್ಟ ಚಿತ್ರ) ಬಿಟ್ಟು ಸಬ್ ಸ್ಟ್ರೀಮ್ (ಕಡಿಮೆ ಡೇಟಾ ಸಾಕಾಗುವ ಹಗುರ ಚಿತ್ರ) ಹಾಕಿದೆ. ಡಿವಿಆರ್‌ನಲ್ಲಿ ಅದನ್ನು 512 ಕೆಬಿಪಿಎಸ್‌ಗೆ ಇಟ್ಟೆ. ಚಿತ್ರ ಸ್ವಲ್ಪ ಮಸುಕು, ಆದರೆ ನಿಲ್ಲುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಮೇನ್ ಸ್ಟ್ರೀಮ್ ಪೂರ್ತಿ ಸ್ಪಷ್ಟವಾಗಿಯೇ ಉಳಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದರ ಲೈನು ಬರೀ ದೀಪ, ಫ್ಯಾನಿಗೆ ಇತ್ತು. ಎಲೆಕ್ಟ್ರಿಷಿಯನ್ ಕರೆಸಿ ಟಿವಿ ಸ್ಟ್ಯಾಂಡಿನ ಪ್ಲಗ್ಗನ್ನೂ ಅದಕ್ಕೆ ಸೇರಿಸಿದೆ. ರೂಟರ್ ಮತ್ತು ಡಿವಿಆರ್ ಎರಡೂ ಅಲ್ಲೇ. ಒಂದಕ್ಕೆ ಕರೆಂಟ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಉಪಯೋಗವಿಲ್ಲ.

ಒಂದು ಹಾಳೆಯಲ್ಲಿ ಡಿವಿಆರ್‌ನ ಸೀರಿಯಲ್ ನಂಬರ್, ರೂಟರಿನ ವಿಳಾಸ, ಸೆಲ್ ಬದಲಿಸಿದ ದಿನ ಬರೆದು ಟಿವಿ ಸ್ಟ್ಯಾಂಡಿನ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ಪಾಸ್‌ವರ್ಡ್ ಅಲ್ಲಿ ಬರೆದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅವ್ವ ತಾನೇ ಟಿವಿ ಹಾಕಿ ಮೂಲೆಯ ತಾರೀಖು ನೋಡುತ್ತಾಳೆ. ನೋಡಿ, ನನಗೆ ಫೋನ್ ಮಾಡಿ, ‘ಇವತ್ತಿಂದೇ ಐತಪ್ಪಾ’ ಅನ್ನುತ್ತಾಳೆ.