ಜೀನ್ಸ್ ಬಿಟ್ಟು ಗ್ಲಾಸ್ಗೋ ನೋಡಿದ್ದು

2024ರ ದಸರಾ ರಜೆಯಲ್ಲಿ ನಾವು ಮನೆಯ ಆರು ಜನ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಏಳು ದಿನ ಇದ್ದೆವು. ಅದರಲ್ಲಿ ಆರು ದಿನ ಮಳೆ ಬಂತು. ಹಗಲು ಹೊತ್ತಿನಲ್ಲೂ ಹನ್ನೆರಡು ಡಿಗ್ರಿಯ ಆಸುಪಾಸಿನ ಚಳಿ. ಆದರೂ ಒಂದು ದಿನವೂ ನಾವು ಕೋಣೆಯಲ್ಲಿ ಮುದುಡಿ ಕೂರಲಿಲ್ಲ, ಒಬ್ಬರಿಗೂ ನೆಗಡಿಯಾಗಲಿಲ್ಲ, ಎಪ್ಪತ್ತೊಂದು ವರ್ಷದ ನನ್ನ ಅವ್ವ ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಆರಾಮಾಗಿ ನಡೆದಳು. ಇದು ಆಗದ ಕೆಲಸ ಎಂದು ನಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೇಳಿದವರು ಬಹಳ ಮಂದಿ. ಆಗಿದೆ ಎಂಬ ಕಾರಣಕ್ಕೇ ಈಗ ಬರೆಯುತ್ತಿದ್ದೇನೆ. ವೀಸಾ, ವಿಮೆ, ವಿಮಾನದ ಟಿಕೆಟ್ಟುಗಳ ಸಂಗತಿ ಮಕ್ಕಳು ಮುದುಕರನ್ನು ಕರೆದುಕೊಂಡು ಹೊರದೇಶ ತಿರುಗಿದವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ನಾವು ಸೋತ ಕಥೆಯನ್ನು ಹೇಳಬೇಕು. 2019ರ ಅಕ್ಟೋಬರ್‌ನಲ್ಲಿ ಇದೇ ರೀತಿ ಎಡಿನ್‌ಬರೋಗೆ ನಾಲ್ಕು ದಿನಕ್ಕೆ ಹೋಗಿದ್ದೆವು. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕ ನಡೆಸುವವನು, ಆದ್ದರಿಂದ ನನಗೂ ಹೆಂಡತಿಗೂ ಮಕ್ಕಳಿಗೂ ನಮ್ಮದೇ ಮಾಲಿನ ದಪ್ಪ ಜೀನ್ಸ್ ಹಾಕಿಸಿ, ಕೈಗೆ ಒಂದೊಂದು ಕೊಡೆ ಕೊಟ್ಟು ಕರೆದೊಯ್ದಿದ್ದೆ. ಕೋಟೆಯ ಬಂಡೆಯ ಮೇಲೆ ಬೀಸುವ ಗಾಳಿ ಮೊದಲ ಅರ್ಧ ಗಂಟೆಯಲ್ಲೇ ಮೂರು ಕೊಡೆಗಳನ್ನು ಮಗುಚಿ ಕಡ್ಡಿ ಮುರಿದು ಹಾಕಿತು. ಮಳೆ ಮೇಲಿನಿಂದ ಬೀಳದೆ ಪಕ್ಕದಿಂದ ಹೊಡೆಯುತ್ತಿದ್ದುದರಿಂದ ಮೊಣಕಾಲಿನಿಂದ ಕೆಳಗೆ ಎಲ್ಲರೂ ತೊಯ್ದೆವು. ಅವ್ವನ ಸೀರೆಯ ಅಂಚು ಒಂದು ಗೇಣು ಎತ್ತರದವರೆಗೆ ನೀರು ಹೀರಿಕೊಂಡು ಹೆಜ್ಜೆ ಹೆಜ್ಜೆಗೂ ಕಾಲಿಗೆ ಬಡಿಯುತ್ತಿತ್ತು. ಆಗ ಮೂರು ವರ್ಷದವನಾಗಿದ್ದ ಮಗನಿಗೆ ಎರಡನೆಯ ರಾತ್ರಿ ಜ್ವರ ಬಂತು. ಉಳಿದ ಎರಡು ದಿನ ಹೋಟೆಲಿನ ಕಿಟಕಿಯಿಂದ ಊರು ನೋಡಿದೆವು, ಮುಂಚಿತವಾಗಿ ಕೊಂಡಿದ್ದ ಟಿಕೆಟ್ಟುಗಳಲ್ಲಿ ಹದಿನಾಲ್ಕು ಸಾವಿರ ರೂಪಾಯಿಯಷ್ಟು ನೀರುಪಾಲಾಯಿತು.

ಊರಿಗೆ ಬಂದ ಮೇಲೆ ಒಂದು ಜೀನ್ಸನ್ನು ತೂಕಕ್ಕೆ ಹಾಕಿ ನೋಡಿದೆ. ಒಣಗಿದ್ದಾಗ ಆರುನೂರೈವತ್ತು ಗ್ರಾಂ ಇದ್ದದ್ದು ನೀರಲ್ಲಿ ಅದ್ದಿ ಹಿಂಡಿದ ಮೇಲೂ ಒಂದೂಕಾಲು ಕಿಲೋ ತೂಗಿತು. ಬಳ್ಳಾರಿಯ ಬಿಸಿಲಿನಲ್ಲಿ ಅದು ಎರಡು ಗಂಟೆಯಲ್ಲಿ ಒಣಗುತ್ತದೆ, ಆ ಊರಿನ ಮುಚ್ಚಿದ ಕೋಣೆಯಲ್ಲಿ ಎರಡು ದಿನವಾದರೂ ಒಣಗಿರಲಿಲ್ಲ. ಮನುಷ್ಯನನ್ನು ಮಲಗಿಸುವುದು ಮಳೆಯಲ್ಲ, ಚಳಿಯೂ ಅಲ್ಲ, ಮೈಗೆ ಅಂಟಿಕೊಂಡ ಒದ್ದೆ ಹತ್ತಿ ಬಟ್ಟೆ ಎಂಬುದು ಅಂದು ನನ್ನ ತಲೆಯಲ್ಲಿ ಗಟ್ಟಿಯಾಯಿತು. ಇಪ್ಪತ್ತು ವರ್ಷ ಹತ್ತಿ ಬಟ್ಟೆಯಿಂದಲೇ ಅನ್ನ ತಿಂದವನು ಈ ಮಾತು ಹೇಳುತ್ತಿದ್ದೇನೆ.

ಎರಡನೆಯ ಪ್ರವಾಸಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗುವುದೇ ಕಷ್ಟವಾಯಿತು. ನನ್ನ ಭಾವ "ಏನಪಾ, ರೊಕ್ಕ ಹೆಚ್ಚಾಗೈತೇನು? ದುಬೈಗೆ ಹೋಗು, ಸಿಂಗಾಪುರಕ್ಕೆ ಹೋಗು, ಮತ್ತ ಅದೇ ಮಳ್ಯಾಗ ಯಾಕ ಹೊಂಟಿ" ಎಂದು ಎದುರಿಗೇ ಕೇಳಿದರು. ಅವ್ವ ಮಾತ್ರ ಒಂದು ಕಾರಣಕ್ಕೆ ಒಪ್ಪಿದಳು. ನಿಜಾಮನಿಂದ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ನಮ್ಮ ಬಳ್ಳಾರಿ ಸೀಮೆಗೆ ಪ್ರಧಾನ ಕಲೆಕ್ಟರನಾಗಿ ಬಂದು ಏಳು ವರ್ಷ ಆಳಿದ ಥಾಮಸ್ ಮನ್ರೊ ಹುಟ್ಟಿದ್ದು, ಓದಿದ್ದು ಗ್ಲಾಸ್ಗೋದಲ್ಲಿ. ಮಂತ್ರಾಲಯದ ರಾಯರು ಬೃಂದಾವನದಿಂದ ಈ ಮನ್ರೊನಿಗೆ ದರ್ಶನ ಕೊಟ್ಟು ಮಾತನಾಡಿದರು ಎಂಬ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. "ರಾಯರನ್ನ ಕಂಡ ಸಾಹೇಬನ ಊರಾದ್ರ ಬರ್ತೀನಿ ತಮ್ಮಾ" ಎಂದಳು. ಚಿಗವ್ವನೂ ಜೊತೆಗೆ ಹೊರಟಳು.

ಮಳೆಯಂಗಿಗಳನ್ನು ಕೊಳ್ಳಲು ನೋಡಿದರೆ ಬೆಂಗಳೂರಿನ ಅಂಗಡಿಗಳಲ್ಲಿ ಒಳ್ಳೆಯದೊಂದಕ್ಕೆ ಎಂಟರಿಂದ ಹತ್ತು ಸಾವಿರ ಹೇಳಿದರು, ಆರು ಜನಕ್ಕೆ ಅರ್ಧ ಲಕ್ಷದ ಮಾತು. ಮೂವತ್ತು ಮಿಷನ್ ಇಟ್ಟುಕೊಂಡವನು ಅಂಗಿ ಕೊಳ್ಳುವುದೇ ಎಂದು ಚಿಕ್ಕಪೇಟೆಯಿಂದ ಒಳಗೆ ಲೇಪನವಿರುವ ಪಾಲಿಯೆಸ್ಟರ್ ಬಟ್ಟೆ ತರಿಸಿದೆ. ಮೀಟರಿಗೆ ನೂರೆಂಬತ್ತರಷ್ಟು ಬಿತ್ತು, ಅಂಗಿಗೆ ಮೂರು ಮೀಟರ್ ಹಿಡಿಯಿತು. ಮೊದಲ ಅಂಗಿಯನ್ನು ಜೀನ್ಸ್ ಹೊಲಿಯುವ ದಪ್ಪ ಸೂಜಿಯಲ್ಲೇ ಹೊಲಿಸಿದ್ದು ನನ್ನ ತಪ್ಪು. ಅದರ ತೋಳು ಮತ್ತು ಕೆಳಬಾಯಿಯನ್ನು ಕಟ್ಟಿ ಚೀಲದ ಹಾಗೆ ಮಾಡಿ, ಘಟಕದ ಹಿಂದಿನ ತಂತಿಗೆ ತೂಗುಹಾಕಿ, ಒಳಗೆ ಅರ್ಧ ಬಕೆಟ್ ನೀರು ಸುರಿದು ಕಾದೆವು. ಬಟ್ಟೆಯ ಮೈಯಿಂದ ಒಂದು ತೊಟ್ಟೂ ಬರಲಿಲ್ಲ. ಹೊಲಿಗೆಯ ಸಾಲಿನಲ್ಲಿ ಮಾತ್ರ ಮೊದಲು ಬೆವರಿನಂತೆ ಸಣ್ಣ ಮಣಿಗಳು ಮೂಡಿ, ಎರಡು ನಿಮಿಷದಲ್ಲಿ ಒಂದಕ್ಕೊಂದು ಕೂಡಿ, ಸೂಜಿ ಇಳಿದಿದ್ದ ಒಂದೊಂದು ತೂತಿನಿಂದಲೂ ಹನಿ ಬೀಳತೊಡಗಿತು.

ಆಮೇಲೆ ಒಂದೊಂದಾಗಿ ತಿದ್ದಿದೆ. ಸೂಜಿಯನ್ನು ಸಣ್ಣದು ಮಾಡಿದೆ, ಇಂಚಿಗೆ ಬೀಳುವ ಹೊಲಿಗೆಗಳನ್ನು ಕಡಿಮೆ ಮಾಡಿದೆ. ಮಳೆ ನೇರವಾಗಿ ಬೀಳುವ ಭುಜದ ಮೇಲೆ ಹೊಲಿಗೆಯೇ ಬಾರದಂತೆ ಮುಂಭಾಗ ಹಿಂಭಾಗ ಎರಡನ್ನೂ ಒಂದೇ ತುಂಡಿನಲ್ಲಿ ಕತ್ತರಿಸಿ, ಹೊಲಿಗೆಯನ್ನು ಕಂಕುಳ ಕೆಳಗೆ ಇಳಿಸಿದೆ. ಒಳಗಿನಿಂದ ಹೊಲಿಗೆಯ ಮೇಲೆ ಹಚ್ಚುವ ಪಟ್ಟಿಯನ್ನು ಇಸ್ತ್ರಿಯಲ್ಲಿ ಒತ್ತಿದಾಗ ಎರಡು ಅಂಗಿಗಳ ಲೇಪನ ಸುಕ್ಕಾಗಿ ಹಾಳಾದವು, ಶಾಖ ತಗ್ಗಿಸಿ ನಡುವೆ ಒಂದು ಹತ್ತಿ ಬಟ್ಟೆ ಇಟ್ಟು ಒತ್ತಿದಾಗ ಕೂತಿತು. ಟೋಪಿಯೂ ಕೊರಳೂ ಸೇರುವ ಜಾಗ ಮಾತ್ರ ಪಟ್ಟಿಗೆ ಬಗ್ಗಲಿಲ್ಲ. ಅಲ್ಲಿಗೆ ನಾನು ಬಳಿದದ್ದು ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಾಲ್ಕು ತಿಂಗಳ ದುಡಿಮೆ. ಕೆಟ್ಟುಹೋದ ಬಟ್ಟೆಯನ್ನೂ ಸೇರಿಸಿ ಅಂಗಿಯೊಂದಕ್ಕೆ ಸಾವಿರದ ಐನೂರರ ಹತ್ತಿರ ಬಿತ್ತು.

ಅವ್ವ ಮತ್ತು ಚಿಗವ್ವನಿಗೆ ಪ್ಯಾಂಟು ಹಾಕಿಸುವ ಪ್ರಯತ್ನ ಮಾಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅಭ್ಯಾಸವಿಲ್ಲದ ಉಡುಗೆಯಲ್ಲಿ ಹಿರಿಯರು ಅರ್ಧ ದಾರಿಯೂ ನಡೆಯುವುದಿಲ್ಲ. ಒಳಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ನಾಲ್ಕು ಬೆರಳು ಎತ್ತರಿಸಿ ಉಟ್ಟ ಸಿಂಥೆಟಿಕ್ ಸೀರೆ, ಅದರ ಮೇಲೆ ಸೊಂಟದಿಂದ ಮೀನಖಂಡದವರೆಗೆ ಅದೇ ಮಳೆಬಟ್ಟೆಯ ಸುತ್ತುಲುಂಗಿ, ಕಾಲಿಗೆ ರಬ್ಬರಿನ ಗಮ್‌ಬೂಟು. ಲುಂಗಿಗೆ ಗುಂಡಿ ಇಡದೆ ವೆಲ್ಕ್ರೋ ಪಟ್ಟಿ ಇಟ್ಟದ್ದರಿಂದ ಮ್ಯೂಸಿಯಂ ಬಾಗಿಲಲ್ಲಿ ಒಂದೇ ಎಳೆತಕ್ಕೆ ಬಿಚ್ಚಿ, ಕೊಡವಿ, ಚೀಲಕ್ಕೆ ಹಾಕಬಹುದಾಗಿತ್ತು. ಗಂಡಸರೂ ಕಿಲ್ಟ್ ಎಂಬ ಲಂಗದಂಥ ಬಟ್ಟೆ ಉಡುವ ಆ ನಾಡಿನಲ್ಲಿ ಬಸ್ ನಿಲ್ದಾಣದ ಒಬ್ಬ ಹೆಂಗಸು ಅದನ್ನು ಮುಟ್ಟಿ ನೋಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಬಳ್ಳಾರಿ ಎಂದು ಹೇಳಲು ನನಗೆ ಹೆಮ್ಮೆಯಾಯಿತು.

ಉಣ್ಣೆಯ ಸ್ವೆಟರುಗಳನ್ನು ಊರಿನಿಂದ ಒಯ್ಯಲಿಲ್ಲ. ಗ್ಲಾಸ್ಗೋದ ಬೈರ್ಸ್ ರೋಡಿನಲ್ಲಿ ದಾನದ ಬಟ್ಟೆ ಮಾರುವ ಅಂಗಡಿಗಳಿವೆ. ಅಲ್ಲಿ ಅಪ್ಪಟ ಉಣ್ಣೆಯ ಸ್ವೆಟರು ಆರೇಳು ಪೌಂಡಿಗೆ, ಅಂದರೆ ಏಳುನೂರು ರೂಪಾಯಿಯ ಆಜುಬಾಜಿಗೆ ಸಿಕ್ಕಿತು. ಹೆಂಡತಿಗೆ ಮೊದಲು ಮನಸ್ಸು ಒಗ್ಗಲಿಲ್ಲ, ಒಗೆದು ಒಣಗಿಸಿದ ಮೇಲೆ ಒಪ್ಪಿದಳು. ಕೊಳ್ಳುವಾಗ ಒಳಗಿನ ಚೀಟಿಯನ್ನು ಓದಲೇಬೇಕು, ಅರ್ಧಕ್ಕರ್ಧ ಅಕ್ರಿಲಿಕ್ ಎಂಬ ಕೃತಕ ನೂಲು ಇರುತ್ತದೆ.

ಇನ್ನು ಊರು ನೋಡಿದ ಕ್ರಮ. ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುವುದನ್ನು ಬಿಟ್ಟು, ನಾನು ಸೂರುಗಳ ಪಟ್ಟಿ ಮಾಡಿಕೊಂಡೆ. ದಿನಕ್ಕೆ ಒಂದು ದೊಡ್ಡ ಸೂರು, ಅದರಿಂದ ಹತ್ತು ನಿಮಿಷದ ನಡಿಗೆಯಲ್ಲಿ ಇನ್ನೊಂದು ಸಣ್ಣದು, ಅಷ್ಟೇ. ಎರಡರ ನಡುವಿನ ನಡಿಗೆಗೆ ಬ್ರಿಟನ್ನಿನ ಹವಾಮಾನ ಇಲಾಖೆಯ ಮಳೆ ನಕ್ಷೆಯನ್ನು ಮೊಬೈಲಿನಲ್ಲಿ ನೋಡಿ, ಮೋಡದ ಪಟ್ಟೆ ದಾಟುವವರೆಗೆ ಒಳಗೇ ಇದ್ದು ಹೊರಡುತ್ತಿದ್ದೆವು. ಆ ಊರಿನ ಭಾಗ್ಯವೆಂದರೆ ಅದರ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಶುಲ್ಕವೇ ಇಲ್ಲ, ಹಾಗಾಗಿ ಕಾಸು ಹೋಯಿತಲ್ಲ ಎಂಬ ಅವಸರವಿಲ್ಲದೆ ಬೇಕೆನಿಸಿದಾಗ ಹೊರಬರಬಹುದು, ಮರುದಿನ ಮತ್ತೆ ಹೋಗಬಹುದು. 1901ರಲ್ಲಿ ತೆರೆದ ಕೆಲ್ವಿನ್‌ಗ್ರೋವ್‌ಗೆ ನಾವು ಎರಡು ದಿನ ಹೋದೆವು. ನಡುಮನೆಯಂಥ ದೊಡ್ಡ ಹಜಾರದಲ್ಲಿ ಮಧ್ಯಾಹ್ನ ಒಂದಕ್ಕೆ ಆರ್ಗನ್ ವಾದ್ಯ ನುಡಿಸುತ್ತಾರೆ. ಅದಕ್ಕೆ ಮುಂಚೆ ಊಟ ಮುಗಿಸಿ ಬೆಂಚು ಹಿಡಿದರೆ ಹಿರಿಯರಿಗೆ ಅರ್ಧ ಗಂಟೆ ವಿಶ್ರಾಂತಿ ತಾನಾಗಿ ಸಿಗುತ್ತದೆ. ಮಗ ಅಷ್ಟು ಹೊತ್ತು ಸರ್ ರೋಜರ್ ಎಂಬ, ಒಳಗೆ ತುಂಬಿ ನಿಲ್ಲಿಸಿದ ಆನೆಯ ಎದುರಿಗೇ ನಿಂತಿದ್ದ.

ಪಾರ್ಟಿಕ್ ಬಡಾವಣೆಯಲ್ಲಿ ಅಡುಗೆಮನೆಯಿರುವ ಫ್ಲ್ಯಾಟ್ ಹಿಡಿದದ್ದೂ ಈ ಲೆಕ್ಕದಿಂದಲೇ. ರಾತ್ರಿಗೆ ನೂರಮೂವತ್ತು ಪೌಂಡಿನ ಹತ್ತಿರ ಬಿತ್ತು. ಸಬ್‌ವೇ ಎಂಬ ನೆಲದಡಿಯ ರೈಲಿನ ನಿಲ್ದಾಣ ಹತ್ತಿರ, ಝಹಾ ಹದೀದ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ ರಿವರ್‌ಸೈಡ್ ಮ್ಯೂಸಿಯಂ ನಡೆದು ಹೋಗುವಷ್ಟು ದೂರ. ಆ ಮ್ಯೂಸಿಯಂನಲ್ಲಿ 1945ರಲ್ಲಿ ಗ್ಲಾಸ್ಗೋದಲ್ಲೇ ತಯಾರಾಗಿ ದಕ್ಷಿಣ ಆಫ್ರಿಕಾದಲ್ಲಿ ಓಡಿ ಮತ್ತೆ ತವರಿಗೆ ಬಂದ ಉಗಿಬಂಡಿಯೊಂದಿದೆ, ಅದರ ಗಾಲಿ ನನ್ನ ಎದೆಯ ಎತ್ತರಕ್ಕೆ ಬರುತ್ತದೆ. ಸಬ್‌ವೇ 1896ರದು, ಹದಿನೈದು ನಿಲ್ದಾಣಗಳ ಒಂದೇ ಸುತ್ತು, ಪೂರ್ತಿ ಸುತ್ತಲು ಇಪ್ಪತ್ತನಾಲ್ಕು ನಿಮಿಷ. ಮಳೆ ಜೋರಾದಾಗ ಮಕ್ಕಳನ್ನು ಕೂರಿಸಿಕೊಂಡು ಸುಮ್ಮನೆ ಒಂದು ಸುತ್ತು ಹಾಕಿಸುತ್ತಿದ್ದೆ, ದಿನದ ಟಿಕೆಟ್ ನಾಲ್ಕು ಪೌಂಡಿನ ಮೇಲೆ ಸ್ವಲ್ಪ. ಭಾನುವಾರ ಅದು ಸಂಜೆ ಆರಕ್ಕೆಲ್ಲ ನಿಂತುಬಿಡುತ್ತಿತ್ತು ಎಂಬುದನ್ನು ನಾನು ನೋಡಿಕೊಂಡಿರಲಿಲ್ಲ. ಅಂದು ಬುಕಾನನ್ ಸ್ಟ್ರೀಟಿನಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು, ಕೊನೆಗೆ ಎರಡು ಟ್ಯಾಕ್ಸಿಗೆ ಇಪ್ಪತ್ತೈದು ಪೌಂಡ್ ತೆತ್ತೆ.

ಊಟದ ವಿಷಯದಲ್ಲಿ ಹಾಲಿನ ಪದಾರ್ಥವನ್ನು ಆ ದೇಶದೊಳಗೆ ಒಯ್ಯುವಂತಿಲ್ಲವಾದ್ದರಿಂದ ತುಪ್ಪ ಬಿಟ್ಟು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋದೆವು. ಅಲ್ಲಿ ಉಪ್ಪಿಲ್ಲದ ಬೆಣ್ಣೆ ಕೊಂಡು ಅವ್ವನೇ ತುಪ್ಪ ಕಾಸಿದಳು, ಬಣ್ಣ ಚೆನ್ನಾಗಿ ಬಂತು, ಘಮ ನಮ್ಮೂರಿನಷ್ಟು ಬರಲಿಲ್ಲ. ನಾನು ಎಣಿಸದಿದ್ದದ್ದು ರೊಟ್ಟಿಯ ಪಾಡು. ಬಳ್ಳಾರಿಯಲ್ಲಿ ತಿಂಗಳುಗಟ್ಟಲೆ ಮುರಿದರೆ ಚಟ್ಟೆನ್ನುವ ರೊಟ್ಟಿ ಅಲ್ಲಿನ ತೇವಕ್ಕೆ ಎರಡೇ ದಿನದಲ್ಲಿ ತೊಗಲಿನಂತೆ ಮೆತ್ತಗಾಯಿತು. ಹೆಂಚಿನ ಮೇಲೆ ಬಿಸಿ ಮಾಡಿದರೆ ಒಂದೆಡೆ ಸೀದು ಒಂದೆಡೆ ಹಾಗೇ ಉಳಿಯುತ್ತಿತ್ತು. ಒವನ್‌ನಲ್ಲಿ ನೂರು ಡಿಗ್ರಿಗೆ ಎಂಟು ನಿಮಿಷ ಇಟ್ಟು, ಬಾಗಿಲು ತೆರೆದು ಅಲ್ಲೇ ಆರಲು ಬಿಟ್ಟರೆ ಮತ್ತೆ ಗರಿಗರಿಯಾಯಿತು. ಮನೆ ಅಡುಗೆಯಿಂದಾಗಿ ಆರು ಜನದ ಊಟಕ್ಕೆ ದಿನಕ್ಕೆ ಮೂವತ್ತೈದು ಪೌಂಡ್ ಮೀರಲಿಲ್ಲ.

ನಾಲ್ಕನೆಯ ದಿನ ಊರಿನ ದೊಡ್ಡ ಚರ್ಚಾದ ಕೆಥೀಡ್ರಲ್‌ಗೆ ಹೋದದ್ದು ನನ್ನ ಸ್ವಂತ ಆಸೆಗೆ. ಎರಡು ಬಟ್ಟೆಗಳ ನಡುವೆ ನಾಫ್ತಾ ಎಂಬ ದ್ರವದಲ್ಲಿ ಕರಗಿಸಿದ ರಬ್ಬರ್ ಸವರಿ ನೀರು ಹಿಡಿಯದ ಬಟ್ಟೆ ಮಾಡುವ ವಿಧಾನಕ್ಕೆ 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂಟಾಶ್ ಅದೇ ಊರಿನವನು, ಆ ಅಂಗಳದಲ್ಲೇ ಮಣ್ಣಾಗಿದ್ದಾನೆ. ಅವನ ಬಟ್ಟೆಯಿಂದ ದರ್ಜಿಗಳು ಹೊಲಿದ ಮೊದಮೊದಲ ಅಂಗಿಗಳೂ ಸೂಜಿಯ ತೂತುಗಳಲ್ಲೇ ಸೋರುತ್ತಿದ್ದವು. ಎರಡು ನೂರು ವರ್ಷದ ಹಿಂದೆ ಅವರನ್ನು ಕಾಡಿದ್ದೇ ನನ್ನನ್ನೂ ನಾಲ್ಕು ತಿಂಗಳು ಕಾಡಿತ್ತು. ಧಾರಾಕಾರ ಮಳೆಯಲ್ಲಿ ನನ್ನ ಕೈಯ ಅಂಗಿ ತೊಟ್ಟು ಅಲ್ಲಿ ನಿಂತು ಭುಜವನ್ನು ಒಳಗಿನಿಂದ ಮುಟ್ಟಿ ನೋಡಿಕೊಂಡೆ, ಒಣಗಿತ್ತು.

ಅಲ್ಲಿಂದ ಪಕ್ಕದ ನೆಕ್ರೊಪೊಲಿಸ್ ಎಂಬ ಸ್ಮಶಾನದ ಗುಡ್ಡ ಹತ್ತಿದಾಗ ಬೇರೊಂದು ದೋಷ ಹೊರಬಿತ್ತು. ಹೊರಗಿನ ನೀರು ಒಳಬರದ ಅಂಗಿಯಿಂದ ಒಳಗಿನ ಬೆವರೂ ಹೊರಹೋಗಲಿಲ್ಲ, ಮೇಲೆ ಮುಟ್ಟುವಷ್ಟರಲ್ಲಿ ನನ್ನ ಬೆನ್ನು ತೊಯ್ದಿತ್ತು. ಮಗನ ಅಂಗಿಯ ಜಿಪ್ಪಿನಿಂದಲೂ ನೀರು ಇಳಿದಿತ್ತು. ಜಿಪ್ಪಿಗೆ ಅಂದೇ ರಾತ್ರಿ ಕೈಹೊಲಿಗೆಯಲ್ಲಿ ಮೇಲೊಂದು ಪಟ್ಟಿ ಮುಚ್ಚಿದೆ. ಬೆವರಿಗೆ ಊರಿಗೆ ಬಂದ ಮೇಲೆ ಬೆನ್ನಿನಲ್ಲಿ ಗಾಳಿಕಿಂಡಿ ಬಿಟ್ಟಿದ್ದೇನೆ. ಅದರ ಕಟಿಂಗನ್ನು ನಮ್ಮ ಮಾಸ್ಟರ್ ಒಬ್ಬರನ್ನು ಬಿಟ್ಟು ಯಾರಿಗೂ ತೋರಿಸಿಲ್ಲ, ಮುಂದಿನ ಮಳೆಗಾಲಕ್ಕೆ ಇದನ್ನು ಮಾರುಕಟ್ಟೆಗೆ ಬಿಡುವ ಯೋಚನೆಯಿದೆ.

ಮನ್ರೊ ಓದಿದ ಕಾಲದಲ್ಲಿ ವಿಶ್ವವಿದ್ಯಾಲಯ ಹೈ ಸ್ಟ್ರೀಟಿನಲ್ಲಿತ್ತು, ಆ ಕಟ್ಟಡ ಈಗಿಲ್ಲ. ಆದರೆ 1870ರಲ್ಲಿ ಈಗಿನ ಗುಡ್ಡಕ್ಕೆ ಸ್ಥಳಾಂತರವಾದಾಗ ಸಿಂಹ ಮತ್ತು ಯುನಿಕಾರ್ನ್ ಎಂಬ ಒಂಟಿಕೊಂಬಿನ ಕುದುರೆಯ ಮೂರ್ತಿಗಳಿರುವ ಹಳೆಯ ಕಲ್ಲಿನ ಮೆಟ್ಟಿಲನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಐದನೆಯ ದಿನ ಅವ್ವನನ್ನು ಅಲ್ಲಿಗೆ ಕರೆದೊಯ್ದು, ಮನ್ರೊ ಹತ್ತಿ ಇಳಿದಿರಬಹುದಾದ ಮೆಟ್ಟಿಲು ಇದು ಎಂದು ಹೇಳಿದೆ. ಅವ್ವ ಕೈಗವಸು ಕಳಚಿ, ತೊಯ್ದ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆ ಏಳು ದಿನಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಗಳಿಗೆ ಅದು.

ನೆನಪಿನಿಂದ ಹೇಳುವುದಾದರೆ ವಿಮಾನಕ್ಕೆ ನಾಲ್ಕು ಲಕ್ಷ, ವೀಸಾಕ್ಕೆ ಎಪ್ಪತ್ತೈದು ಸಾವಿರ, ವಸತಿಗೆ ಒಂದು ಲಕ್ಷ, ಊಟ, ಓಡಾಟ, ಉಣ್ಣೆ, ಮಳೆಯಂಗಿ ಎಲ್ಲ ಸೇರಿ ಇನ್ನೊಂದು ಎಪ್ಪತ್ತು ಸಾವಿರ. ಒಟ್ಟು ಆರೂವರೆ ಲಕ್ಷದೊಳಗೆ ಮುಗಿಯಿತು. ಪ್ರವೇಶ ಟಿಕೆಟ್ಟುಗಳಿಗೆ ಒಂದು ಪೌಂಡನ್ನೂ ಕೊಟ್ಟಿಲ್ಲ.

ಇನ್ನೂ ಬಗೆಹರಿಯದೆ ಉಳಿದಿರುವುದು ಕೈಗವಸು. ಉಣ್ಣೆಯದು ತೊಯ್ಯುತ್ತದೆ, ರಬ್ಬರಿನದು ಒಳಗೆ ಬೆವರುತ್ತದೆ, ಬೆರಳುಗಳ ನಡುವಿನ ಹೊಲಿಗೆಗೆ ಪಟ್ಟಿ ಕೂರುವುದಿಲ್ಲ. ಬೆರಳುಗಳನ್ನೇ ಬಿಟ್ಟು ಚೀಲದಂತೆ ಒಂದೇ ಹೊಲಿಗೆಯಲ್ಲಿ ಮಾಡಿದ ಮೂರು ಜೊತೆ ಈಗ ಘಟಕದ ಹಿಂದಿನ ತಂತಿಯಲ್ಲಿ ನೀರು ತುಂಬಿಸಿಕೊಂಡು ತೂಗುತ್ತಿವೆ. ನಿನ್ನೆ ಸಂಜೆಯವರೆಗೆ ಒಂದು ಜೊತೆ ಮಾತ್ರ ಸೋರಿರಲಿಲ್ಲ.