4 ಟಿಬಿ ಡಿಸ್ಕಿಗೆ ಇಎಕ್ಸ್‌ಟಿ4: ಫಾರ್ಮ್ಯಾಟ್‌ಗೆ ಮೊದಲೇ ಹಾಕಬೇಕಾದ ಲೆಕ್ಕ

ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ 4 ಟಿಬಿ ಹಾರ್ಡ್ ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಇಎಕ್ಸ್‌ಟಿ4 ಎಂದರೆ ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಂ. ಅದರ ಹೆಚ್ಚಿನ ಸೆಟ್ಟಿಂಗ್‌ಗಳನ್ನು ಆಮೇಲೆ ತಿದ್ದಬಹುದು, ಆದರೆ ಐನೋಡ್ (ಫೈಲಿನ ವಿವರ ಬರೆದಿಡುವ ಪುಟ್ಟ ದಾಖಲೆ) ಅನುಪಾತವನ್ನು ಆಗದು. ಕಮ್ಯಾಂಡ್‌ಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಬರೆದಿದೆ. ದೊಡ್ಡಕ್ಷರ ಎಂದು ಹೇಳದ ಕಡೆಯೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಡಿಸ್ಕ್ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಲಿನಕ್ಸ್ ಕೊಡುವ ಹೆಸರು ಇಂದು ಎಸ್‌ಡಿಬಿ ಆಗಿದ್ದದ್ದು ರೀಬೂಟ್ ಆದ ಮೇಲೆ ಎಸ್‌ಡಿಸಿ ಆಗಬಹುದು. ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮ್ಯಾಂಡಿಗೆ ಮಾಡೆಲ್, ಸೀರಿಯಲ್ ಕಾಲಂಗಳನ್ನು ಸೇರಿಸಿ ನೋಡಿ, ಸೀರಿಯಲ್ ನಂಬರನ್ನು ಡಿಸ್ಕಿನ ಸ್ಟಿಕ್ಕರಿನ ಜೊತೆ ತಾಳೆ ಹಾಕಿ. ಗಾತ್ರ 3.6ಟಿ ಎಂದು ಕಂಡರೆ ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಡಿ. ಕಂಪನಿ 1000ದ ಲೆಕ್ಕ ಹಾಕುತ್ತದೆ, ಲಿನಕ್ಸ್ 1024ರದ್ದು.

ಡಿಸ್ಕನ್ನು ಭಾಗ ಮಾಡುವ ಪಾರ್ಟೆಡ್‌ನಲ್ಲಿ ಜಿಪಿಟಿ (ಭಾಗಗಳ ಪಟ್ಟಿ ಇಡುವ ಹೊಸ ಪದ್ಧತಿ) ಲೇಬಲ್ ಕೊಟ್ಟು, ಪಾರ್ಟಿಷನ್ನನ್ನು 1 ಎಂಐಬಿಯಿಂದ (1024ರ ಲೆಕ್ಕದ ಎಂಬಿ) ಶುರು ಮಾಡಿ. 512 ಬೈಟ್ ಸೆಕ್ಟರ್ ತೋರಿಸುವ ಡಿಸ್ಕಿನಲ್ಲಿ ಹಳೆಯ ಎಂಬಿಆರ್ ಪದ್ಧತಿ 2 ಟಿಐಬಿ ದಾಟದು.

ಈಗ ಮುಖ್ಯ ವಿಷಯ. ಫಾರ್ಮ್ಯಾಟ್ ಮಾಡುವ ಕಮ್ಯಾಂಡ್ ಎಂಕೆಎಫ್‌ಎಸ್ ಡಾಟ್ ಇಎಕ್ಸ್‌ಟಿ4 ತಾನಾಗಿ ಪ್ರತಿ 16,384 ಬೈಟಿಗೆ ಒಂದು ಐನೋಡ್ ಇಡುತ್ತದೆ. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು, ಒಂದೊಂದೂ 256 ಬೈಟ್. ಗುಣಿಸಿ ನೋಡಿ: 4 ಟಿಬಿಗೆ ಸುಮಾರು 24 ಕೋಟಿ ಐನೋಡ್, ಅದಕ್ಕೇ 62 ಜಿಬಿ ಖರ್ಚು. ಡಿಸ್ಕಿನಲ್ಲಿ ಬರೀ ಮದುವೆ ವಿಡಿಯೊ, ದೊಡ್ಡ ಫೋಟೊಗಳೇ ಇರುವುದಾದರೆ ಮೈನಸ್ ದೊಡ್ಡಕ್ಷರ ಟಿ ಕೊಟ್ಟು ಲಾರ್ಜ್‌ಫೈಲ್ ಎಂದು ಬರೆಯಿರಿ. ಆಗ 1 ಎಂಐಬಿಗೆ ಒಂದು ಐನೋಡ್; ಸುಮಾರು 38 ಲಕ್ಷ ಫೈಲ್ ಹಿಡಿಸುತ್ತದೆ, ಖರ್ಚು 1 ಜಿಬಿಯೊಳಗೆ. ಆದರೆ ಸೋರ್ಸ್ ಕೋಡ್, ಮೇಲ್, ಸಣ್ಣಪುಟ್ಟ ಫೈಲುಗಳ ಬ್ಯಾಕಪ್ ಇಡುವವರು ಇದರ ತಂಟೆಗೆ ಹೋಗಬೇಡಿ. ಐನೋಡ್ ಮುಗಿದರೆ, ಖಾಲಿ ಜಾಗ ತೋರಿಸುವ ಡಿಎಫ್‌ನಲ್ಲಿ ನೂರಾರು ಜಿಬಿ ಖಾಲಿ ಕಾಣುತ್ತಿರುತ್ತದೆ, ಫೈಲ್ ಬರೆಯಲು ಹೋದರೆ ಜಾಗವಿಲ್ಲ ಎನ್ನುತ್ತದೆ. ಡಿಎಫ್ ಮೈನಸ್ ಐ ಹೊಡೆದರೆ ಐಯೂಸ್ ಕಾಲಂನಲ್ಲಿ 100% ಕಾಣುತ್ತದೆ. ಆಗ ಫೈಲ್ ಅಳಿಸಬೇಕು, ಇಲ್ಲವೇ ಎಲ್ಲವನ್ನೂ ಬೇರೆಡೆಗೆ ಸಾಗಿಸಿ ಮತ್ತೆ ಫಾರ್ಮ್ಯಾಟ್ ಮಾಡಬೇಕು.

ಫಾರ್ಮ್ಯಾಟ್ ಕೆಲವೇ ಕ್ಷಣಗಳಲ್ಲಿ ಮುಗಿದು, ಮೌಂಟ್ ಮಾಡಿದ (ಬಳಕೆಗೆ ತೆರೆದ) ಮೇಲೆ ಡಿಸ್ಕ್ ಸುಮ್ಮನೆ ಕರಕರ ಎನ್ನುತ್ತಿದ್ದರೆ ಗಾಬರಿ ಬೇಡ. ಐನೋಡ್ ಟೇಬಲ್ಲನ್ನು ಕರ್ನಲ್ (ಲಿನಕ್ಸಿನ ತಿರುಳು) ಹಿನ್ನೆಲೆಯಲ್ಲಿ ಬರೆಯುತ್ತಿರುತ್ತದೆ.

ಇನ್ನು ತಿದ್ದಬಹುದಾದವು. ಇಎಕ್ಸ್‌ಟಿ4 5% ಜಾಗವನ್ನು ರೂಟ್‌ಗೆಂದು (ಎಲ್ಲ ಅಧಿಕಾರವಿರುವ ಬಳಕೆದಾರ) ಕಾದಿರಿಸುತ್ತದೆ, ಅಂದರೆ ಇಲ್ಲಿ 200 ಜಿಬಿ. ಸಿಸ್ಟಂ ಡಿಸ್ಕಿನಲ್ಲಿ ಅದು ಬೇಕು: ಡಿಸ್ಕ್ ತುಂಬಿದರೂ ರೂಟ್ ಒಳಗೆ ಬಂದು ಸರಿಪಡಿಸಬಹುದು. ಬರೀ ಡೇಟಾ ಡಿಸ್ಕಿಗೆ ಟ್ಯೂನ್2ಎಫ್‌ಎಸ್ ಮೈನಸ್ ಎಂ 1 ಸಾಕು. 160 ಜಿಬಿ ವಾಪಸ್ ಸಿಗುತ್ತದೆ. ಸೊನ್ನೆಗೆ ಇಳಿಸುವುದು ಬೇಡ, ಕಂಠಮಟ್ಟ ತುಂಬಿದ ಡಿಸ್ಕಿನಲ್ಲಿ ಫೈಲುಗಳು ಚೂರು ಚೂರಾಗಿ ಬಿದ್ದು ನಿಧಾನವಾಗುತ್ತವೆ.

ಬೂಟ್ ಆಗುವಾಗ ಯಾವ ಡಿಸ್ಕ್ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್‌ ಫೈಲಿನಲ್ಲಿ ಎಸ್‌ಡಿಬಿ1 ಎಂದಲ್ಲ, ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ; ಯುಯುಐಡಿ ಎಂಬ ಪದ ದೊಡ್ಡಕ್ಷರದಲ್ಲಿರಲಿ. ಜೊತೆಗೆ ನೋಎಟೈಮ್ (ಫೈಲ್ ಓದಿದ ಸಮಯ ಬರೆದಿಡಬೇಡ ಎಂದು), ನೋಫೇಲ್ (ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸು ಎಂದು) ಹಾಕಿ. ನೋಫೇಲ್ ಇಲ್ಲದಿದ್ದರೆ ಕೇಬಲ್ ಸಡಿಲವಾದ ದಿನ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ. ರೀಬೂಟ್‌ಗೆ ಮೊದಲು ಫೈಂಡ್‌ಎಂಎನ್‌ಟಿ ಮೈನಸ್ ಮೈನಸ್ ವೆರಿಫೈ ಹೊಡೆದು ತಪ್ಪು ನೋಡಿಕೊಳ್ಳಿ.

ವೇಗ ಬರುತ್ತದೆಂದು ಯಾರಾದರೂ ನೋಬ್ಯಾರಿಯರ್ ಹಾಕಲು ಹೇಳಿದರೆ ಖಂಡಿತ ಬೇಡ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ನಮಗೆಲ್ಲ ಗೊತ್ತು. ಬ್ಯಾರಿಯರ್ ಎಂದರೆ ಡಿಸ್ಕಿನ ಕ್ಯಾಶೆಯಲ್ಲಿರುವುದನ್ನು (ತಾತ್ಕಾಲಿಕ ನೆನಪು) ಸರಿಯಾದ ಕ್ರಮದಲ್ಲಿ ಬರೆಸುವ ವ್ಯವಸ್ಥೆ. ಅದು ಇಲ್ಲದಿದ್ದರೆ ಕ್ಯಾಶೆಯಲ್ಲಿದ್ದದ್ದು ಹೋಗಿ, ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇದ್ದೂ ಫೈಲ್ ಸಿಸ್ಟಂ ಕೆಡಬಹುದು. ಬ್ಯಾರಿಯರ್ ಇದ್ದರೂ ಜರ್ನಲ್ ಮಾಮೂಲಿಯಾಗಿ ಕಾಯುವುದು ಮೆಟಾಡೇಟಾವನ್ನು (ಫೈಲಿನ ಹೆಸರು, ಗಾತ್ರ, ಜಾಗದ ವಿವರ) ಮಾತ್ರ. ಆ ಗಳಿಗೆಯಲ್ಲಿ ಕಾಪಿ ಆಗುತ್ತಿದ್ದ ವಿಡಿಯೊ ಅರ್ಧಕ್ಕೆ ನಿಂತಿರುತ್ತದೆ. ಅದಕ್ಕೆ ಯುಪಿಎಸ್ಸೇ ದಾರಿ.

ಫೈಲ್ ಸಿಸ್ಟಂ ಕೆಟ್ಟಿದೆಯೆಂಬ ಅನುಮಾನ ಬಂದರೆ ಮೊದಲು ಅನ್‌ಮೌಂಟ್, ನಂತರ ಪರೀಕ್ಷಿಸಿ ಸರಿಪಡಿಸುವ ಇ2ಎಫ್‌ಎಸ್‌ಸಿಕೆ ಮೈನಸ್ ಎಫ್. ಮೌಂಟ್ ಆಗಿರುವಾಗ ರಿಪೇರಿ ಓಡಿಸಿದರೆ ಇದ್ದದ್ದೂ ಹಾಳಾಗುತ್ತದೆ. ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್ಮಿನ ಮುಖ್ಯ ವಿವರ ಇರುವ ಜಾಗ) ಕೆಟ್ಟಿದೆ ಎಂದರೆ ಮೈನಸ್ ಬಿ 32768 ಸೇರಿಸಿ. 4 ಕೆಬಿ ಬ್ಲಾಕಿನಲ್ಲಿ ಮೊದಲ ನಕಲು ಅಲ್ಲಿರುತ್ತದೆ. ಉಳಿದ ನಕಲುಗಳ ನಂಬರುಗಳನ್ನು ಡಿಸ್ಕ್ ಚೆನ್ನಾಗಿರುವಾಗಲೇ ಡಂಪ್‌ಇ2ಎಫ್‌ಎಸ್‌ನಿಂದ ತೆಗೆದು, ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿಡಿ.